ಎಂದೂ ಹಾರದ ನೌಕೆಯ ಮಸಿ

ಇಲ್ಲದ ವಸ್ತುವಿನ ಎಪ್ಪತ್ತೆರಡರಲ್ಲಿ ಒಂದು ಪಾಲು ಎಷ್ಟು? ಲೆಕ್ಕದ ಮೇಷ್ಟರು ಸೊನ್ನೆ ಎಂದಾರು. ಮಾದರಿ ಕಟ್ಟುವವರ ಲೆಕ್ಕದಲ್ಲಿ ಅದು ಸುಮಾರು 17 ಸೆಂಟಿಮೀಟರ್ ಉದ್ದ, ನಾಲ್ಕು ರೆಕ್ಕೆ, ಮಾಸಿದ ಬಿಳಿ ಬಣ್ಣ. ನಾನು ಹೇಳುತ್ತಿರುವುದು 1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಬರುವ ಎಕ್ಸ್-ವಿಂಗ್ ಎಂಬ ಯುದ್ಧನೌಕೆಯ 1/72 ಅಳತೆಯ ಪ್ಲಾಸ್ಟಿಕ್ ಕಿಟ್ ಬಗ್ಗೆ. ತಯಾರಿಸಿದ್ದು ಜಪಾನಿನ ಬಂದಾಯ್ ಕಂಪನಿ. ಕನ್ನಡದ ಕಿವಿಗೆ ‘ಬಂಡಾಯ’ ಎಂದೇ ಕೇಳಿಸುವ ಹೆಸರು. ಕಾಕತಾಳೀಯವಾಗಿ ನೌಕೆಯೂ ಬಂಡಾಯಗಾರರದೇ.

ಸಾಹಿತ್ಯದ ಓದುಗರ ಮುಂದೆ ಆಟಿಕೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕಾದಂಬರಿಯನ್ನು ಓದುವುದಕ್ಕೂ ಇಂಥದೊಂದು ಕಿಟ್ಟನ್ನು ಕಟ್ಟಿ ಬಣ್ಣ ಬಳಿಯುವುದಕ್ಕೂ ನನಗೆ ಬಹಳ ಅಂತರ ಕಾಣುವುದಿಲ್ಲ. ಎರಡರಲ್ಲೂ ಬೇರೊಬ್ಬರು ಬಿಟ್ಟುಹೋದ ತುಣುಕುಗಳಿಂದ ನಾವೊಂದು ಲೋಕವನ್ನು ಜೋಡಿಸುತ್ತೇವೆ. ಎರಡರಲ್ಲೂ ‘ಇದು ನಿಜದಂತಿದೆ’ ಎಂಬ ಮೆಚ್ಚುಗೆ ಬರುತ್ತದೆ. ಈ ‘ನಿಜದಂತೆ’ ಎಂಬ ಮಾತು ಎಲ್ಲಿಂದ ಬಂತು, ಅದಕ್ಕೆ ಯಾರು ಬೆಲೆ ತೆತ್ತಿದ್ದಾರೆ ಎಂಬುದಷ್ಟೇ ಇಲ್ಲಿ ನನ್ನ ಪ್ರಶ್ನೆ.

ಮೊದಲಿಗೆ ಆ ಅಳತೆಯನ್ನೇ ನೋಡೋಣ. ಆರು ಅಡಿ ಎತ್ತರದ ಆಳು ಒಂದು ಇಂಚಿಗೆ ಇಳಿಯುವ ಅಳತೆ 1/72. ಬ್ರಿಟನ್ನಿನ ಫ್ರಾಗ್ ಕಂಪನಿ 1936ರಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನಲ್ಲಿ ಹೊರತಂದ ಪ್ಲಾಸ್ಟಿಕ್ ವಿಮಾನ ಕಿಟ್‌ಗಳು ಇದೇ ಅಳತೆಯವು. ಆ ಬಗೆಯ ಕಿಟ್‌ಗಳಲ್ಲಿ ಅವೇ ಮೊದಲು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ವಿದ್ಯಾರ್ಥಿಗಳ ಕೈಯಲ್ಲಿ ಐದು ಲಕ್ಷ ಮರದ ವಿಮಾನ ಮಾದರಿಗಳನ್ನು ಮಾಡಿಸಲು ಹೊರಟಾಗ ಆರಿಸಿಕೊಂಡದ್ದೂ ಇದೇ ಅಳತೆ. ಆಕಾಶದಲ್ಲಿ ಕಂಡ ವಿಮಾನ ನಮ್ಮದೋ ಶತ್ರುವಿನದೋ ಎಂಬುದನ್ನು ಸೈನಿಕರು ಅದರ ಆಕಾರ ನೋಡಿಯೇ ಗುರುತಿಸಬೇಕಿತ್ತು, ಅದನ್ನು ಕಲಿಯಲು ಕೈಯಳತೆಯ ವಿಮಾನ ಬೇಕಿತ್ತು. ಮಕ್ಕಳು ಉಜ್ಜಿ ನಯಮಾಡಿ ಕಪ್ಪು ಬಣ್ಣ ಬಳಿದ ಆ ಮರದ ತುಂಡುಗಳು ಯಾರ ಮೇಲೆ ಗುಂಡು ಹಾರಿಸಬೇಕೆಂದು ಕಲಿಸುವ ಪಾಠಗಳಾಗಿದ್ದವು. ಇಂದು ಕಪಾಟಿನಲ್ಲಿ ಎಕ್ಸ್-ವಿಂಗ್ ಪಕ್ಕದಲ್ಲಿ ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಇಟ್ಟರೆ ಎರಡೂ ಒಂದೇ ಲೋಕದವೆನಿಸುತ್ತವೆ. ಅಳತೆ ಒಂದೇ ಆದದ್ದರಿಂದ ಇಲ್ಲದ ನೌಕೆಗೆ ಇದ್ದ ವಿಮಾನದ ನೆಂಟಸ್ತಿಕೆ ಸಿಕ್ಕಿಬಿಡುತ್ತದೆ.

ನೆಂಟಸ್ತಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ, ರಕ್ತಸಂಬಂಧವೂ ಇದೆ. ಜಾರ್ಜ್ ಲೂಕಾಸ್ ತನ್ನ ಸಿನಿಮಾದ ದೃಶ್ಯಚಮತ್ಕಾರಗಳಿಗಾಗಿ 1975ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನ ಗೋದಾಮಿನಲ್ಲಿ ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’ ಶುರುಮಾಡಿದ. ಎಕ್ಸ್-ವಿಂಗ್‌ನ ಮೊದಲ ರೂಪ ಕೊಟ್ಟವನು ಕಾಲಿನ್ ಕ್ಯಾಂಟ್‌ವೆಲ್. ಇಂಗ್ಲಿಷ್ ಪಬ್ಬುಗಳಲ್ಲಿ ಗೋಡೆಯ ಹಲಗೆಗೆ ಎಸೆದು ಆಡುವ ಡಾರ್ಟ್ ಬಾಣ ಅವನ ಮನಸ್ಸಿನಲ್ಲಿತ್ತು. ಜೋ ಜಾನ್‌ಸ್ಟನ್ ಮುಂತಾದವರು ಅದನ್ನು ತಿದ್ದಿದರು. ಕ್ಯಾಮೆರಾದ ಮುಂದೆ ನಿಂತದ್ದು ಎರಡು ಅಡಿಗಿಂತ ಕೊಂಚ ಕಡಿಮೆ ಉದ್ದದ ಮಾದರಿ. ಅದರ ಮೈಮೇಲೆ ಕಾಣುವ ಕೊಳವೆ, ಪೆಟ್ಟಿಗೆ, ಉಬ್ಬುತಗ್ಗುಗಳೆಲ್ಲ ಎಲ್ಲಿಂದ ಬಂದವು? ಅಂಗಡಿಯಲ್ಲಿ ಮಾರುವ ಪ್ಲಾಸ್ಟಿಕ್ ಕಿಟ್‌ಗಳಿಂದ. ಮಾದರಿಕಾರರು ಟ್ಯಾಂಕು, ಯುದ್ಧವಿಮಾನ, ಫಿರಂಗಿಗಳ ಕಿಟ್‌ಗಳನ್ನು ರಾಶಿಗಟ್ಟಲೆ ತಂದು, ಒಡೆದು, ಬೇಕಾದ ಭಾಗಗಳನ್ನು ಆರಿಸಿ ಅಂಟಿಸಿದರು. ‘2001: ಎ ಸ್ಪೇಸ್ ಒಡಿಸ್ಸಿ’ಯ (1968) ನೌಕೆಗಳಿಗೂ ಹೀಗೆಯೇ ಮಾಡಿದ್ದರು. ಆದರೆ ಅಲ್ಲಿ ಎಲ್ಲವೂ ಆಸ್ಪತ್ರೆಯಂತೆ ಶುಭ್ರ. ಲೂಕಾಸ್‌ಗೆ ಬೇಕಿದ್ದದ್ದು ಬಳಸಿ ಬಳಸಿ ಸವೆದ, ಎಣ್ಣೆ ಸೋರುವ ಭವಿಷ್ಯ.

ಈ ರೀತಿ ಅಂಟಿಸಿದ ತುಣುಕುಗಳಿಗೆ ಅಲ್ಲಿನವರು ‘ಗ್ರೀಬ್ಲಿ’ ಎಂದು ಹೆಸರಿಟ್ಟರು. ಅರ್ಥವಿಲ್ಲದ ಪದ. ಆ ತುಣುಕುಗಳಿಗೂ ನೌಕೆಯ ಮೇಲೆ ಯಾವ ಕೆಲಸವೂ ಇಲ್ಲ. ಟ್ಯಾಂಕಿನ ಮೇಲೆ ಇಂಧನದ ಡಬ್ಬಿಯಾಗಿದ್ದದ್ದು ಇಲ್ಲಿ ಏನೂ ಅಲ್ಲ. ಏನೋ ಇರಬೇಕು ಎನಿಸಿದರೆ ಸಾಕು. 2023ರ ಅಕ್ಟೋಬರ್‌ನಲ್ಲಿ ಆ ಕಾಲದ ಎಕ್ಸ್-ವಿಂಗ್ ಮಾದರಿಯೊಂದು ಅಮೆರಿಕದ ಹರಾಜಿನಲ್ಲಿ 31 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಹೋಯಿತು. ಹೆಸರಾಂತ ಮಾದರಿಕಾರ ಗ್ರೆಗ್ ಜೈನ್ ತೀರಿಕೊಂಡ ಮೇಲೆ ಅವನ ಸಂಗ್ರಹದ ಪೆಟ್ಟಿಗೆಯೊಂದರಲ್ಲಿ ಅದು ಸಿಕ್ಕಿತ್ತು. ಅಂಗಡಿಯ ಕಿಟ್‌ಗಳಿಂದ ಕಿತ್ತ ಚೂರುಗಳು ಅಷ್ಟು ದುಡ್ಡಿಗೆ ಏರಿದವು.

ಬಂದಾಯ್ ಮಾಡಿರುವುದು ಇದರ ಮುಂದಿನ ಅಧ್ಯಾಯ. ಟ್ಯಾಂಕಿನ ಕಿಟ್‌ನಿಂದ ಹುಟ್ಟಿದ್ದನ್ನು ಅದು ಮರಳಿ ಕಿಟ್ ಮಾಡಿದೆ. 1970ರ ದಶಕದ ಅವಸರದಲ್ಲಿ ಯಾರೋ ಕೈಗೆ ಸಿಕ್ಕಿದ್ದನ್ನು ಅಂಟಿಸಿದ ಜಾಗದಲ್ಲಿ ಈಗ ಕಂಪ್ಯೂಟರಿನಲ್ಲಿ ಅಳೆದು ಉಕ್ಕಿನ ಅಚ್ಚಿನಲ್ಲಿ ಕೊರೆದ ಅದೇ ಉಬ್ಬು, ಅಕ್ಕಿಕಾಳಿಗಿಂತ ಚಿಕ್ಕದಾಗಿ. ಈ ಕಿಟ್‌ನ ನಿಷ್ಠೆ ಯಾವುದಕ್ಕೆ ಎಂದು ಇಲ್ಲಿ ಕೇಳಬೇಕು. ಎಪ್ಪತ್ತೆರಡು ಪಟ್ಟು ದೊಡ್ಡದಾದ ಕಲ್ಪಿತ ನೌಕೆಗೋ, ಗೋದಾಮಿನಲ್ಲಿ ಕಟ್ಟಿದ ಎರಡಡಿಯ ನಿಜವಾದ ಮಾದರಿಗೋ? ಡಬ್ಬಿಯ ಮೇಲಿನ ಚಿತ್ರ ಮೊದಲನೆಯದೆಂದು ಹೇಳುತ್ತದೆ. ಡಬ್ಬಿಯೊಳಗಿನ ಪ್ಲಾಸ್ಟಿಕ್ ಎರಡನೆಯದೆಂದು ಹೇಳುತ್ತದೆ. ನನ್ನ ಮಟ್ಟಿಗೆ ಈ ಕಿಟ್‌ನ ದೊಡ್ಡತನ ಇರುವುದೇ ಇಲ್ಲಿ. ಕಲ್ಪಿತ ನೌಕೆಯನ್ನು ತೋರಿಸುವ ನೆಪದಲ್ಲಿ ಅದು ಕೆಲಸಗಾರರ ಕೈಯನ್ನು ನಕಲು ಮಾಡಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ರೋಲಾಂ ಬಾರ್ಥ್ ನೆನಪಾಗಬೇಕು. ‘ವಾಸ್ತವದ ಪರಿಣಾಮ’ ಕುರಿತು ಅವನು 1968ರಲ್ಲಿ ಬರೆದ ಸಣ್ಣ ಪ್ರಬಂಧದಲ್ಲಿ ಫ್ಲೊಬೇರ್‌ನ ಕಥೆಯೊಂದರ ಕೋಣೆ ಬರುತ್ತದೆ. ಅಲ್ಲಿ ಪಿಯಾನೋದ ಮೇಲೊಂದು ವಾಯುಭಾರಮಾಪಕ. ಕಥೆಗೆ ಅದರಿಂದ ಯಾವ ಉಪಯೋಗವೂ ಇಲ್ಲ, ಪಾತ್ರಗಳ ಗುಣವನ್ನೂ ಅದು ಹೇಳುವುದಿಲ್ಲ. ಹಾಗಾದರೆ ಅದು ಅಲ್ಲೇಕಿದೆ? ಉಪಯೋಗವಿಲ್ಲದ್ದೇ ಅದರ ಉಪಯೋಗ, ‘ನಾನು ವಾಸ್ತವ’ ಎಂದು ಹೇಳಲಿಕ್ಕೆ ಅದು ಅಲ್ಲಿದೆ ಎಂಬುದು ಬಾರ್ಥ್‌ನ ವಾದದ ತಿರುಳು. ಎಕ್ಸ್-ವಿಂಗ್‌ನ ಗ್ರೀಬ್ಲಿಗಳೆಲ್ಲ ಇಂಥ ವಾಯುಭಾರಮಾಪಕಗಳೇ. ಅವನ್ನು ತೆಗೆದುಹಾಕಿದರೆ ನೌಕೆಯ ಆಕಾರ ಕೆಡುವುದಿಲ್ಲ, ನಂಬಿಕೆ ಮಾತ್ರ ಕೆಡುತ್ತದೆ.

ಬಾರ್ಥ್‌ನ ಜೊತೆ ಇಷ್ಟು ದೂರ ಬಂದವನು ಇಲ್ಲಿ ಕೊಂಚ ಬೇರೆ ದಾರಿ ಹಿಡಿಯುತ್ತೇನೆ. ಫ್ಲೊಬೇರ್‌ನ ಮಾಪಕ ಯಾವುದೋ ಬೇರೆ ಪುಸ್ತಕದಿಂದ ಕಿತ್ತು ತಂದದ್ದಲ್ಲ. ಗ್ರೀಬ್ಲಿ ಕಿತ್ತು ತಂದದ್ದು. ಅದಕ್ಕೆ ಮೊದಲೊಂದು ಅರ್ಥವಿತ್ತು, ಟ್ಯಾಂಕಿನ ಮೇಲೆ ಅದಕ್ಕೊಂದು ಕೆಲಸವಿತ್ತು, ಆ ಟ್ಯಾಂಕಿಗೆ ಒಂದು ಯುದ್ಧವಿತ್ತು, ಆ ಯುದ್ಧದಲ್ಲಿ ಅದರೊಳಗೆ ಕುಳಿತು ಸುಟ್ಟುಹೋದ ಹುಡುಗರಿದ್ದರು. ಕಿತ್ತಾಗ ಇವೆಲ್ಲ ಕಳಚಿಬಿದ್ದವು. ಗಟ್ಟಿತನದ ಒಂದು ಅನಿಸಿಕೆ ಮಾತ್ರ ಉಳಿಯಿತು. ಉದ್ಧರಣ ಚಿಹ್ನೆಗಳನ್ನು ತೆಗೆದುಹಾಕಿದ ಉಲ್ಲೇಖದಂತೆ ಅದು ನೌಕೆಯ ಮೈಗೆ ಅಂಟಿ ಕುಳಿತಿದೆ.

ಸಿನಿಮಾದ ಕೊನೆಯ ಕಾಳಗವನ್ನು ಕಟ್ಟಿದ್ದೂ ಹೀಗೆಯೇ. ದೃಶ್ಯಗಳು ಸಿದ್ಧವಾಗುವ ಮೊದಲು ಲೂಕಾಸ್ ಹಳೆಯ ಯುದ್ಧ ಸಿನಿಮಾಗಳ ವಿಮಾನ ಕಾಳಗದ ತುಣುಕುಗಳನ್ನು ಕತ್ತರಿಸಿ ಜೋಡಿಸಿ, ನೌಕೆಗಳು ಯಾವ ವೇಗದಲ್ಲಿ ಹೇಗೆ ತಿರುಗಬೇಕೆಂಬುದನ್ನು ಅದರಿಂದ ತೋರಿಸಿದ. ಹಾಗಾಗಿ ಗಾಳಿಯೇ ಇಲ್ಲದ ಅಂತರಿಕ್ಷದಲ್ಲಿ ಎಕ್ಸ್-ವಿಂಗ್‌ಗಳು 1940ರ ದಶಕದ ವಿಮಾನಗಳಂತೆ ಒಂದು ಬದಿಗೆ ವಾಲಿ ತಿರುಗುತ್ತವೆ. ಭೌತವಿಜ್ಞಾನ ಇದನ್ನು ಒಪ್ಪುವುದಿಲ್ಲ, ನಮ್ಮ ಕಣ್ಣು ಒಪ್ಪುತ್ತದೆ. ನಮ್ಮ ಕಣ್ಣಿಗೆ ಅಂತರಿಕ್ಷ ಗೊತ್ತಿಲ್ಲ, ಆ ಯುದ್ಧದ ಚಿತ್ರಗಳು ಗೊತ್ತಿವೆ. ‘ನಿಜದಂತಿದೆ’ ಎಂದರೆ ಇಲ್ಲಿ ‘ನೋಡಿದಂತಿದೆ’ ಎಂದು ಅರ್ಥ.

ಇನ್ನು ಕಟ್ಟುವ ಕೆಲಸ. ಬಂದಾಯ್ ಕಿಟ್‌ಗೆ ಅಂಟು ಬೇಡ. ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ ಒಂದಕ್ಕೊಂದು ಒತ್ತಿದರೆ ಕಟಕ್ಕೆಂದು ಕೂರುತ್ತವೆ. ಪ್ಲಾಸ್ಟಿಕ್ಕಿಗೇ ಬಣ್ಣವಿರುವುದರಿಂದ ಬಣ್ಣ ಬಳಿಯದೆಯೂ ಇದು ನೌಕೆಯಂತೆ ಕಾಣುತ್ತದೆ. ಗುರುತುಗಳಿಗಾಗಿ ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಬೇಕಾದವರಿಗೆ ಅದು, ಸ್ಟಿಕರ್ ಸಾಕೆನ್ನುವವರಿಗೆ ಅದು, ಎರಡನ್ನೂ ಕೊಟ್ಟಿದ್ದಾರೆ. ಮಕ್ಕಳಿಗೂ ಪಳಗಿದವರಿಗೂ ಒಂದೇ ಡಬ್ಬಿಯಲ್ಲಿ ಜಾಗ ಮಾಡಿಕೊಟ್ಟ ಈ ಔದಾರ್ಯ ದೊಡ್ಡದು. ಆದರೆ ಸಂಜೆಯೊಳಗೆ ಎಲ್ಲ ಮುಗಿಯುವ ಈ ಸಲೀಸಿನಲ್ಲಿ ಒಂದು ಅಪಾಯವೂ ಇದೆ. ಕತ್ತರಿಸಿದ ಜಾಗದಲ್ಲಿ ಉಳಿಯುವ ಚಿಕ್ಕ ಗಂಟನ್ನು ಮರಳುಕಾಗದದಿಂದ ಉಜ್ಜುವಾಗ ಆಕಾರ ಬೆರಳಿಗೆ ಪರಿಚಯವಾಗುತ್ತದೆ. ಗಂಟೇ ಕಾಣದಷ್ಟು ಜಾಣತನದಿಂದ ವಿನ್ಯಾಸ ಮಾಡಿದಲ್ಲಿ ಆ ಪರಿಚಯ ತಪ್ಪುತ್ತದೆ. ಸಾರಾಂಶ ಓದಿ ಕಾದಂಬರಿ ಓದಿದೆವೆಂದುಕೊಳ್ಳುವ ಹಾಗೆ.

ಬಣ್ಣದ ವಿಷಯಕ್ಕೆ ಬಂದರೆ, ಮೊದಲು ಕಣ್ಣಿಗೆ ಬೀಳುವುದು ರೆಕ್ಕೆಗಳ ಮೇಲಿನ ಕೆಂಪು ಪಟ್ಟೆ. ಬಂಡಾಯಗಾರರ ಬಣ್ಣ ಕೆಂಪು ಎಂದಾಗ ಅದಕ್ಕೊಂದು ರಾಜಕೀಯ ಅರ್ಥ ಹಚ್ಚಲು ಯಾರಿಗಾದರೂ ಮನಸ್ಸಾಗುತ್ತದೆ. ನಡೆದದ್ದೇ ಬೇರೆ. ಚಿತ್ರಕಥೆಯಲ್ಲಿ ಅದು ‘ನೀಲಿ’ ದಳ. ಮಾದರಿಗಳನ್ನು ನೀಲಿ ಪರದೆಯ ಮುಂದೆ ಚಿತ್ರಿಸಿ, ಆಮೇಲೆ ನೀಲಿಯನ್ನು ಅಳಿಸಿ ನಕ್ಷತ್ರಗಳನ್ನು ತುಂಬುವ ಪದ್ಧತಿ ಅವರದು. ನೀಲಿ ಪಟ್ಟೆಯಿದ್ದರೆ ಪರದೆಯ ಜೊತೆ ಪಟ್ಟೆಯೂ ಮಾಯವಾಗುತ್ತಿತ್ತು. ಹೀಗಾಗಿ ದಳ ಕೆಂಪಾಯಿತು. ಲೇಖಕನ ಉದ್ದೇಶದ ಬೆನ್ನುಹತ್ತುವ ವಿಮರ್ಶೆಗೆ ಇದೊಂದು ಒಳ್ಳೆಯ ಎಚ್ಚರಿಕೆ. ಆದರೂ ಆ ಕೆಂಪು ಅರ್ಥಹೀನವೆಂದು ನಾನು ಒಪ್ಪಲಾರೆ. ಹುಟ್ಟಿದ್ದು ಪರದೆಯ ಕಾರಣಕ್ಕಾದರೂ 1977ರಿಂದ ಜನ ಅದನ್ನು ಬಂಡಾಯದ ಬಣ್ಣವೆಂದು ನೋಡಿದ್ದಾರೆ. ಛಂದಸ್ಸಿಗಾಗಿ ಬಂದ ಪದ ಪದ್ಯದ ಪ್ರಾಣವಾಗಿಬಿಡುವುದನ್ನು ನಾವು ಕಂಡಿಲ್ಲವೇ?

ಈ ಕಲೆಯ ತಿರುಳು ಮಾತ್ರ ಬಣ್ಣ ಒಣಗಿದ ಮೇಲೆ ಶುರುವಾಗುತ್ತದೆ. ಹೊಸದನ್ನು ಹಳತು ಮಾಡಬೇಕು. ಹವ್ಯಾಸಿಗಳು ಇದನ್ನು ವೆದರಿಂಗ್ ಎನ್ನುತ್ತಾರೆ. ಬಿಳಿಗೆ ತುಸು ಬೂದಿ ಬೆರೆಸಿದ ಬಣ್ಣದ ಮೇಲೆ ಪಾರದರ್ಶಕ ಲೇಪ ಕೊಟ್ಟು, ತೆಳುವಾದ ಕಂದುಗಪ್ಪನ್ನು ಫಲಕಗಳ ಗೀರುಗಳಲ್ಲಿ ಹರಿಯಬಿಟ್ಟು ಒರೆಸುತ್ತೇವೆ. ಲೇಪ ಸರಿಯಿಲ್ಲದಿದ್ದರೆ ಎನಾಮಲ್ ದ್ರಾವಕ ಸಂದಿಗಳಿಗೆ ಇಳಿದು, ಬಿಗಿಯಾಗಿ ಕೂತ ಪ್ಲಾಸ್ಟಿಕ್ಕನ್ನು ಸೀಳಿಬಿಡಬಹುದು. ಸ್ಪಂಜಿನ ಚೂರನ್ನು ಗಾಢ ಬೂದು ಬಣ್ಣದಲ್ಲಿ ಅದ್ದಿ ಅಂಚುಗಳಿಗೆ ತಾಗಿಸಿದರೆ ಬಣ್ಣ ಎದ್ದುಹೋದ ಗುರುತು ಮೂಡುತ್ತದೆ. ಕಡೆಗೆ ಎಂಜಿನ್ನಿನ ಬಾಯಿಗೆ ಕಪ್ಪು ಪುಡಿ. ಎಂದೂ ಹೊತ್ತಿಕೊಳ್ಳದ ಎಂಜಿನ್ನಿಗೆ ಮಸಿ!

ಇಲ್ಲಿ ನನಗೆ ಬಾರ್ಥ್‌ಗಿಂತ ಒಂಬತ್ತನೇ ಶತಮಾನದ ಶ್ರೀಶಂಕುಕ ಹೆಚ್ಚು ಹತ್ತಿರದವನಾಗುತ್ತಾನೆ. ತೀನಂಶ್ರೀ ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಇವನ ಚಿತ್ರತುರಗನ್ಯಾಯ ನೆನಪಿರುತ್ತದೆ. ಗೋಡೆಯ ಮೇಲಿನ ಕುದುರೆಯ ಚಿತ್ರವನ್ನು ನೋಡಿ ನಾವು ‘ಇದು ಕುದುರೆ’ ಎನ್ನುತ್ತೇವೆ. ಅದು ಸರಿಯಾದ ಜ್ಞಾನವಲ್ಲ, ತಪ್ಪು ಜ್ಞಾನವೂ ಅಲ್ಲ, ಸಂಶಯವಲ್ಲ, ಹೋಲಿಕೆಯ ಅರಿವೂ ಅಲ್ಲ. ಇವಕ್ಕೆಲ್ಲ ಹೊರತಾದ ಒಂದು ಬಗೆಯ ಅರಿವು. ರಂಗದ ಮೇಲಿನ ನಟನನ್ನು ರಾಮನೆಂದು ನಾವು ಅರಿಯುವುದೂ ಹಾಗೆಯೇ. ಆ ನಟ ತೋರುವ ಕುರುಹುಗಳಿಂದ, ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಪ್ರೇಕ್ಷಕ ಭಾವವನ್ನು ಊಹಿಸಿಕೊಳ್ಳುತ್ತಾನೆ ಎಂಬುದು ಶಂಕುಕನ ಅನುಮಿತಿವಾದ. ವೆದರಿಂಗ್‌ಗೆ ಇದಕ್ಕಿಂತ ಒಳ್ಳೆಯ ಶಾಸ್ತ್ರ ನನಗೆ ಕಂಡಿಲ್ಲ. ಮಸಿಯಿಂದ ಉರಿ, ಗೀರಿನಿಂದ ಗುಂಡು, ಬಣ್ಣ ಬೇರೆಯಾದ ಫಲಕದಿಂದ ರಿಪೇರಿ. ಎಕ್ಸ್-ವಿಂಗ್‌ನ ಮೈಮೇಲೆ ಅಲ್ಲಲ್ಲಿ ಬಣ್ಣ ಹೊಂದದ ಫಲಕಗಳಿವೆ. ಅವನ್ನು ನೋಡಿದ ಕೂಡಲೇ ಬೇರೊಂದು ನೌಕೆಯಿಂದ ಕಿತ್ತು ಹಾಕಿದ್ದಾರೆ, ಬಡ ಸೈನ್ಯ ಇದು ಎಂಬ ಕಥೆ ಹುಟ್ಟುತ್ತದೆ.

ಅನುಮಾನಕ್ಕೆ ಹೇತು ಸರಿಯಿರಬೇಕು. ಹವ್ಯಾಸಿಗಳ ಮಾದರಿಗಳಲ್ಲಿ ಬಹುಪಾಲು ಸೋಲುವುದು ಈ ಹಂತದಲ್ಲಿ. ಎಲ್ಲ ಗೀರುಗಳಿಗೂ ಒಂದೇ ದಪ್ಪದ ಕಪ್ಪು, ಎಲ್ಲ ಅಂಚುಗಳಿಗೂ ಒಂದೇ ಸವೆತ, ಎಲ್ಲೆಂದರಲ್ಲಿ ತುಕ್ಕು. ನೋಡಲು ಸೊಗಸಾಗಿಯೇ ಇರುತ್ತದೆ. ಆದರೆ ಆ ಕೊಳೆ ಯಾವ ಕಾರಣವನ್ನೂ ಹೇಳುವುದಿಲ್ಲ, ಅದು ಅಲಂಕಾರ ಮಾತ್ರ. ಔಚಿತ್ಯ ತಪ್ಪಿದ ಅಲಂಕಾರ ಸೊಂಟದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಂತೆ ಎಂದು ಕ್ಷೇಮೇಂದ್ರ ಬಹಳ ಹಿಂದೆಯೇ ಎಚ್ಚರಿಸಿದ್ದಾನೆ. ಅಂತರಿಕ್ಷದಲ್ಲಿ ಗಾಳಿಯಿಲ್ಲ, ಹಾಗಾಗಿ ಅಲ್ಲಿ ಕೊಳೆ ಹಿಂದಕ್ಕೆ ಹರಿಯಲಾರದು. ಹರಿದ ಗುರುತು ಬೇಕಿದ್ದರೆ ನೌಕೆ ಯಾವುದೋ ಗ್ರಹದ ಗಾಳಿಯಲ್ಲಿ ಹಾರಿರಬೇಕು. ಬಂಡಾಯಗಾರರ ನೆಲೆ ಕಾಡು ತುಂಬಿದ ಉಪಗ್ರಹದ ಪುರಾತನ ಗುಡಿಗಳಲ್ಲಿದೆ. ಅದರ ಹೊರನೋಟವನ್ನು ಗ್ವಾಟೆಮಾಲಾದ ತಿಕಾಲ್‌ನ ಮಾಯಾ ದೇಗುಲಗಳಲ್ಲಿ ಚಿತ್ರಿಸಿದ್ದರು. ಅಲ್ಲಿ ತೇವವಿದೆ, ಕೆಸರಿದೆ. ನೌಕೆಯ ಹೊಟ್ಟೆಯಡಿ ಕೊಂಚ ಹಸಿರುಗಂದು ಮಾಸಲು ಹಚ್ಚಿದರೆ ಅದಕ್ಕೆ ಸಿನಿಮಾದಲ್ಲೇ ಆಧಾರವಿದೆ. ಪ್ರತಿ ಕಲೆಗೂ ‘ಇದು ಹೇಗಾಯಿತು?’ ಎಂಬ ಪ್ರಶ್ನೆಗೆ ಉತ್ತರವಿರಬೇಕು. ಒಳ್ಳೆಯ ಗದ್ಯದಲ್ಲಿ ಪ್ರತಿ ವಿಶೇಷಣಕ್ಕೂ ಇರುವಂತೆ.

ಇಷ್ಟೆಲ್ಲ ಸರಿಯಾದ ಮೇಲೂ ನನ್ನನ್ನು ಕಾಡುವ ಕೊರತೆ ಒಂದಿದೆ. ಈ ಕೊಳೆ ಯಂತ್ರಕ್ಕೆ ಏನಾಯಿತೆಂದು ಹೇಳುತ್ತದೆ. ಮನುಷ್ಯರಿಗೆ ಏನಾಯಿತೆಂದು ಹೇಳುವುದಿಲ್ಲ. ಯುದ್ಧವನ್ನು ಅದು ದುಡಿಮೆಯಂತೆ ತೋರಿಸುತ್ತದೆ. ಹಳೆಯ ಟ್ರ್ಯಾಕ್ಟರಿನ ಮೇಲಿನ ಸವೆತವನ್ನು ನೋಡಿದಾಗ ಹುಟ್ಟುವ ಅಕ್ಕರೆಯೇ ಇಲ್ಲೂ ಹುಟ್ಟುತ್ತದೆ. ಸಿನಿಮಾವೂ ಹೀಗೆಯೇ ನಡೆದುಕೊಳ್ಳುತ್ತದೆ. ಡೆತ್ ಸ್ಟಾರ್ ಮೇಲಿನ ದಾಳಿಗೆ ಮೂವತ್ತು ನೌಕೆಗಳು ಬರುತ್ತವೆ, ಮರಳುವುದು ಬೆರಳೆಣಿಕೆಯಷ್ಟು. ಸತ್ತವರ ಮುಖ ಒಂದು ಕ್ಷಣ ಬೆಳಗಿ ಕಿಡಿಯಾಗಿ ಹೋಗುತ್ತದೆ. ಕೊನೆಯ ಪದಕ ಪ್ರದಾನದ ದೃಶ್ಯದಲ್ಲಿ ಅವರ ಹೆಸರೆತ್ತುವವರಿಲ್ಲ. ಕಿಟ್‌ನ ಡಬ್ಬಿಯ ಮೇಲಿರುವುದು ಉಳಿದುಬಂದ ನಾಯಕ ಲ್ಯೂಕ್‌ನ ನೌಕೆ, ರೆಡ್ ಫೈವ್. ಡೆತ್ ಸ್ಟಾರ್‌ನ ಮೇಲ್ಮೈಯಂತಿರುವ ಸ್ಟ್ಯಾಂಡಿನ ಮೇಲೆ ಅದು ಸದಾ ಗೆಲುವಿನ ಕಡೆಗೆ ಹಾರುತ್ತಿರುತ್ತದೆ.

ಆದ್ದರಿಂದ ನಾನು ನನ್ನ ನೌಕೆಯನ್ನು ರೆಡ್ ಥ್ರೀ ಮಾಡಿದೆ. ರೆಕ್ಕೆಯ ಮೇಲಿನ ಪಟ್ಟೆಗಳ ಎಣಿಕೆ ನೌಕೆಯ ಸಂಖ್ಯೆಯನ್ನು ಹೇಳುತ್ತದೆ, ಹಾಗಾಗಿ ಲ್ಯೂಕ್‌ನ ಗುರುತುಗಳನ್ನು ಬದಿಗಿಟ್ಟು ಪಟ್ಟೆಗಳನ್ನು ಟೇಪು ಅಂಟಿಸಿ ಕೈಯಾರೆ ಬಳಿದೆ. ರೆಡ್ ಥ್ರೀ ಹಾರಿಸಿದವನು ಬಿಗ್ಸ್, ಲ್ಯೂಕ್‌ನ ಬಾಲ್ಯದ ಗೆಳೆಯ. ಹಳ್ಳಿಯಲ್ಲಿ ಇಬ್ಬರೂ ಮಾತಾಡುವ ದೃಶ್ಯಗಳನ್ನು ಚಿತ್ರಿಸಿ ಆಮೇಲೆ ಕತ್ತರಿಸಿಹಾಕಿದರು. ದಾಳಿಗೆ ಮುಂಚೆ ನೌಕೆಗಳ ಬಳಿ ಅವರು ಭೇಟಿಯಾಗುವ ದೃಶ್ಯವೂ 1977ರ ಆವೃತ್ತಿಯಲ್ಲಿ ಇರಲಿಲ್ಲ, 1997ರ ವಿಶೇಷ ಆವೃತ್ತಿಯಲ್ಲಿ ಸೇರಿತು. ಅಂದರೆ ಇಪ್ಪತ್ತು ವರ್ಷ ಪ್ರೇಕ್ಷಕರು ಬಿಗ್ಸ್ ಸಾಯುವುದನ್ನು ಕಂಡರು, ಗೆಳೆಯನನ್ನು ಅವನು ತಬ್ಬಿಕೊಂಡದ್ದನ್ನು ಕಾಣಲಿಲ್ಲ. ಸಾವು ಉಳಿದು, ಆ ಸಾವು ನೋಯಿಸಲು ಬೇಕಾದ ಬದುಕು ಸಂಕಲನದ ಮೇಜಿನ ಕೆಳಗೆ ಬಿದ್ದಿತ್ತು.

ಈ ನೌಕೆಗೆ ಎಷ್ಟು ಕೊಳೆ ಹಚ್ಚಬೇಕು? ನಾಟಕೀಯವಾದ ಸುಟ್ಟ ಗಾಯಗಳನ್ನು ಬರೆಯುವುದು ಸುಲಭ. ಹಾಗೆ ಮಾಡಿದರೆ ಸಾವಿನ ಸುಳಿವು ಮೊದಲೇ ಕೊಟ್ಟಂತಾಗುತ್ತದೆ. ಹೊರಡುವ ಮುಂಚಿನ ನೌಕೆಗೆ ತನ್ನ ಕೊನೆ ಗೊತ್ತಿರಬಾರದು. ಗುಂಡಿನ ಗುರುತುಗಳನ್ನು ಬಿಟ್ಟು ನಾನು ಕೈಕಾಲಿನ ಗುರುತುಗಳನ್ನು ಆರಿಸಿಕೊಂಡೆ. ಕಾಕ್‌ಪಿಟ್‌ನ ಅಂಚಿನಲ್ಲಿ ಏಣಿ ಒರಗಿಸಿ ಒರಗಿಸಿ ಬಣ್ಣ ಎದ್ದ ಒಂದು ಜಾಗ. ಒಳಗೆ ಇಳಿಯುವಾಗ ಬೂಟು ತಾಗುವ ಕಡೆ ಮಣ್ಣಿನ ಮಾಸಲು. ಎಂಜಿನ್ನಿನ ಮುಚ್ಚಳದ ಸುತ್ತ, ಮೆಕ್ಯಾನಿಕ್ ಒಬ್ಬ ದಿನಾ ತೆಗೆದು ಹಾಕಿದ್ದರಿಂದ ಆದ ಎಣ್ಣೆಗೈ ಕಲೆ. ಕಿಟ್‌ನಲ್ಲಿ ಪೈಲಟ್ ಇದ್ದಾನೆ, ರೋಬಾಟ್ ಇದೆ. ನೌಕೆಯನ್ನು ರಾತ್ರಿಯೆಲ್ಲ ರಿಪೇರಿ ಮಾಡಿ ಬೆಳಿಗ್ಗೆ ಕಳಿಸಿಕೊಟ್ಟು, ಸಂಜೆ ಖಾಲಿ ಜಾಗದ ಮುಂದೆ ನಿಲ್ಲುವವನಿಲ್ಲ. ಅವನು ಬರಬೇಕಿದ್ದರೆ ಕಲೆಯಾಗಿಯೇ ಬರಬೇಕು.

ಶಂಕುಕನಿಗೆ ಸಿಕ್ಕ ಉತ್ತರವನ್ನು ಇಲ್ಲಿ ಮರೆಯುವಂತಿಲ್ಲ. ಅಭಿನವಗುಪ್ತನ ಗುರು ಭಟ್ಟತೌತ ಅವನ ವಾದವನ್ನು ಬಲವಾಗಿ ಖಂಡಿಸಿದ. ಹೊಗೆಯಂತೆ ಕಾಣುವ ಮಂಜಿನಿಂದ ಬೆಂಕಿಯನ್ನಾಗಲಿ ಬೆಂಕಿಯಂಥದ್ದನ್ನಾಗಲಿ ಊಹಿಸಲು ಬಾರದು ಎಂಬುದು ಆ ಖಂಡನೆಯ ಒಂದು ಎಳೆ. ನನ್ನ ಕಪ್ಪು ಪುಡಿಗೂ ಈ ಮಾತು ಅನ್ವಯಿಸುತ್ತದೆ. ಅದು ಮಸಿಯಲ್ಲವೆಂದು ನನಗೂ ಗೊತ್ತು, ನೋಡುವವರಿಗೂ ಗೊತ್ತು. ಅದರಿಂದ ಯಾರೂ ಎಂಜಿನ್ ಉರಿದಿತ್ತೆಂದು ತೀರ್ಮಾನಿಸುವುದಿಲ್ಲ. ಹಾಗಿದ್ದೂ ಏನೋ ಆಗುತ್ತದೆ. ಆಗುವುದು ಊಹೆಯಿಂದ ಅಲ್ಲವಾದರೆ ಮತ್ತೆ ಯಾವುದರಿಂದ? ಅಭಿನವಗುಪ್ತನ ದಾರಿಯಲ್ಲಿ ಹೇಳುವುದಾದರೆ, ನೋಡುವವರೊಳಗೆ ಮೊದಲೇ ಇರುವ ವಾಸನೆಯಿಂದ. ಹೊರಟುಹೋದವರ ಚಪ್ಪಲಿ ಬಾಗಿಲಲ್ಲಿ ಉಳಿದಿದ್ದನ್ನು, ಕುರ್ಚಿಯ ಕೈ ಸವೆದದ್ದನ್ನು, ಸೈಕಲ್ಲಿನ ಹ್ಯಾಂಡಲ್ ಮೇಲೆ ಮಾಸಿದ ಹಿಡಿತವನ್ನು ಕಂಡವರೇ ನಾವೆಲ್ಲ. ಏಣಿಯ ಗುರುತು ಆ ನೆನಪನ್ನು ಮುಟ್ಟುತ್ತದೆ. ಗುಂಡಿನ ಗುರುತು ಮುಟ್ಟುವುದು ನಾವು ನೋಡಿದ ಸಿನಿಮಾಗಳನ್ನು. ಎರಡೂ ಪುಡಿ, ಎರಡೂ ಬಣ್ಣ. ಆದರೆ ಒಂದು ನಮ್ಮ ಬಾಳಿಗೆ ತಾಗುತ್ತದೆ, ಇನ್ನೊಂದು ಚಿತ್ರಗಳಿಗಷ್ಟೇ ತಾಗಿ ನಿಲ್ಲುತ್ತದೆ.

ಈ ಅಳತೆಗೋಲು ಮಾದರಿಗಳಿಗೆ ಮಾತ್ರ ಸಲ್ಲುವಂಥದ್ದಲ್ಲ. ವಿಜ್ಞಾನಕಥೆಗಳನ್ನು ಓದುವಾಗ ನಾನು ಈಗ ಹೆಚ್ಚಾಗಿ ಇದನ್ನೇ ಹುಡುಕುತ್ತೇನೆ. ಲೇಖಕರು ಯಂತ್ರಗಳಿಗೆ ಎಷ್ಟು ಹೆಸರಿಟ್ಟಿದ್ದಾರೆ, ಎಷ್ಟು ಕೊಳವೆ ಜೋಡಿಸಿದ್ದಾರೆ ಎಂಬುದು ಗ್ರೀಬ್ಲಿಯ ಲೆಕ್ಕ. ಅವು ಬೇಕು, ಇಲ್ಲದಿದ್ದರೆ ನಂಬಿಕೆ ನಿಲ್ಲುವುದಿಲ್ಲ. ಆ ಯಂತ್ರವನ್ನು ಯಾರು ತೊಳೆಯುತ್ತಾರೆ, ಅದು ಮರಳದಿದ್ದರೆ ಯಾರು ಕಾಯುತ್ತಾರೆ ಎಂಬ ಗುರುತು ಎಲ್ಲಾದರೂ ಒಂದು ಕಡೆ ಇದ್ದರೆ ಮಾತ್ರ ಆ ಭವಿಷ್ಯದಲ್ಲಿ ಮನುಷ್ಯರಿದ್ದಾರೆಂದು ನನಗನಿಸುತ್ತದೆ.

ಬಂದಾಯ್ ಕಿಟ್ ಬಗ್ಗೆ ನನ್ನ ತೀರ್ಪು ಇಷ್ಟು. ಅಚ್ಚಿನ ಕೆಲಸವಾಗಿ ಅದು ಅದ್ಭುತ, ವ್ಯಾನ್ ನೈಸ್‌ನ ಆ ಕೈಗಳಿಗೆ ಸಲ್ಲಿಸಿದ ಗೌರವವಾಗಿ ಇನ್ನೂ ಅದ್ಭುತ. ಆದರೆ ಅದು ಗೆದ್ದವನ ನೌಕೆಯನ್ನಷ್ಟೇ ಮುಂದಿಡುತ್ತದೆ, ಉಳಿದದ್ದನ್ನು ಕಟ್ಟುವವರಿಗೆ ಬಿಡುತ್ತದೆ. ಬಿಟ್ಟದ್ದೇ ಒಳ್ಳೆಯದಾಯಿತೆಂದೂ ಹೇಳಬಹುದು, ಓದುಗರಿಗೆ ಜಾಗವಿಲ್ಲದ ಪುಸ್ತಕ ಯಾರಿಗೆ ಬೇಕು? ಮಾದರಿಗಳನ್ನು ನೋಡಲು ಬಂದವರು ಸಾಮಾನ್ಯವಾಗಿ ರೆಕ್ಕೆಯನ್ನೂ ಎಂಜಿನ್ನನ್ನೂ ನೋಡಿ ಹೊಗಳುತ್ತಾರೆ. ರೆಡ್ ಥ್ರೀಯ ಮುಂದೆ ಯಾರಾದರೂ ಬಗ್ಗಿ, ಕಾಕ್‌ಪಿಟ್‌ನ ಪಕ್ಕದ ಆ ಎರಡು ಮಿಲಿಮೀಟರ್ ಸವೆತವನ್ನು ಕಂಡು ‘ಇಲ್ಲಿ ಯಾಕೆ ಬಣ್ಣ ಹೋಗಿದೆ?’ ಎಂದು ಕೇಳಿದರೆ, ಆ ಪ್ರಶ್ನೆಗೆ ಉತ್ತರವಾಗಿ ಬಿಗ್ಸ್‌ನ ಕಥೆಯನ್ನು ಹೇಳಬೇಕಾಗುತ್ತದೆ.